ಪ್ರಯೋಗಕ್ಕೆ ಮೊದಲು

ಮಂಗಳವಾರ ರಾತ್ರಿ ಉಂಡ ತಾಟು ಬದಿಗೆ ಸರಿಸಿ
ಹಾಳೆಗೆ ಸ್ಕೇಲಿಟ್ಟು ನಾಲ್ಕು ಮನೆ ಗೀರಿದೆ.
ಏನು ಕೆಡಬಹುದು. ಕೆಡುವ ಸಂಭವ ಎಷ್ಟು.
ಕೆಟ್ಟರೆ ಪೆಟ್ಟು ಎಷ್ಟು. ಕೆಡದಂತೆ ಏನು ಮಾಡುವೆ.
ಬ್ಯಾಡಗಿಯ ನಮ್ಮ ಹೈಸ್ಕೂಲಿನಲ್ಲಿ
ಇಂಥ ಪಟ್ಟಿ ಯಾರೂ ಕೇಳಿದ್ದಿಲ್ಲ.
ಹಿಂದಿನ ವಿಜ್ಞಾನದ ಮಾಸ್ತರರು
ಹುಬ್ಬಿನ ಮೇಲಿನ ಬಿಳಿ ಕಲೆ ತೋರಿಸಿ
"ಇದ ನೋಡ್ರಿ ನನ್ನ ಪಟ್ಟಿ" ಅಂದು
ಕೀಲಿಕೈ ಕೊಟ್ಟು ನಿವೃತ್ತರಾದರು.

ಬರೆದೆ:
ಸತುವಿನ ಚೂರು, ಹೈಡ್ರೋಕ್ಲೋರಿಕ್ ಆಮ್ಲ. ಸಿಡಿದೀತು.
ನೀರಿಗೆ ಆಮ್ಲ, ಹನಿಹನಿಯಾಗಿ. ಆಮ್ಲಕ್ಕೆ ನೀರಲ್ಲ.
(ಕಾದ ಎಣ್ಣೆಗೆ ನೀರು ಬಿದ್ದದ್ದು ಕಂಡವರಿಗೆ
ಎರಡು ಸಲ ಹೇಳಬೇಕಿಲ್ಲ.)
ಪ್ರನಾಳದ ಬಾಯಿ ಯಾರ ಮುಖಕ್ಕೂ ಬೇಡ, ಗೋಡೆಗೆ.
ಉರಿವ ಕಡ್ಡಿ ಹಿಡಿಯುವವಳ ಜಡೆ ಬೆನ್ನ ಹಿಂದೆ.
"ಪಟ್" ಅನ್ನುವ ಸದ್ದು ಎಲ್ಲರಿಗೂ ಹತ್ತಿರದಿಂದ ಬೇಕು,
ಆದ್ದರಿಂದ ಮೊದಲ ಬೆಂಚು ಒಂದು ಮಾರು ಹಿಂದಕ್ಕೆ.
ಕಿಟಕಿ ಮೂರು. ತೆರೆಯುವುದು ಒಂದು.
ಕನ್ನಡಕ ಆರು, ಮಕ್ಕಳು ನಲವತ್ತೊಂದು:
ಏಳು ಸರತಿ, ಬುಧವಾರ ಅರ್ಧ, ಗುರುವಾರ ಅರ್ಧ.
ನಳ ಬರುವುದು ಎಂಟು ದಿನಕ್ಕೊಮ್ಮೆ; ನಾಳೆ ಅದರ ದಿನವಲ್ಲ.
ಬಕೆಟ್ಟು ತುಂಬಿಡಲು ಮೌಲಾಲಿಗೆ ಹೇಳುವುದು,
ಮುಚ್ಚಳ ಹಾಕಿ, ತಂಬಿಗೆ ಸಮೇತ.
ಪ್ರಯೋಗದ ನಂತರ ಕೈ ತೊಳೆಯುವುದು. ಇದಕ್ಕೆ ಅಡಿಗೆರೆ.

"ಒಂದು ಹಾಳಿಗೆ ಇಷ್ಟ್ಯಾಕ ತಲಿ ಕೆಡಿಸ್ಕೋತಿ?" ಅಂದರು ಇವರು.
"ಕೆಡೋದು ನನ್ನ ತಲಿ ಅಷ್ಟ ಇರ್ಲಿ ಅಂತ" ಅಂದೆ.

ಬುಧವಾರ. ಮೊದಲ ಸರತಿ.
ನೀಲವ್ವ ಕದರಮಂಡಲಗಿ ಕನ್ನಡಕ ಏರಿಸಿದಳು,
ಪಟ್ಟಿ ಬಿಗಿಯಾಯಿತೇನೋ, ತೆಗೆದು, ಕಣ್ಣೊರೆಸಿಕೊಂಡು
"ಯವ್ವಾ" ಎಂದು ಮೊಣಕಾಲ ಮೇಲೆ ಕುಸಿದಳು.
ಎಲ್ಲರೂ ಆಮ್ಲದ ಬಾಟಲಿಯತ್ತ ತಿರುಗಿದರು.
ಬಾಟಲಿ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಯೋಚನೆಗಿಂತ ಮೊದಲು ತಂಬಿಗೆಗೆ ಹೋಗಿತ್ತು ಕೈ.
ತಲೆ ಓರೆ ಮಾಡಿ, ರೆಪ್ಪೆ ಬಿಡಿಸಿ ಹಿಡಿದು
ಸುರಿದೆ, ಸುರಿದೆ, ನನ್ನ ಸೀರೆಯ ನಿರಿಗೆಗೂ ಸುರಿದೆ.
"ಹಾಕ್ರಿ ಟೀಚರ್, ಇನ್ನೊಂದ ಕೊಡ ಐತಿ" ಎಂದ ಮೌಲಾಲಿ.
ಆಮೇಲೆ ಆಸ್ಪತ್ರೆ, ಒಂದು ಹನಿ ಔಷಧ, ಒಂದು ಬೈಗುಳ.

"ಮೆಣಸಿನಕಾಯ್ರಿ," ಅಂದಳು, ಮೂಗು ಸೀಟುತ್ತ,
"ಮುಂಜಾನಿ ನಾಕಕ್ಕ ಎದ್ದು ಅವ್ವನ ಕೂಡ ತುಂಬು ಬಿಡಿಸೇನ್ರಿ.
ಕೈ ತೊಳಕೊಂಡಿದ್ದೆರಿ. ನೀರಿಗೆ ಹೋಗಂಗಿಲ್ರಿ ಅದು."
ಹಿಂದಿನ ಬೆಂಚಿನ ಚಿದಾನಂದ ಎದ್ದು ನಿಂತ:
"ಮದಲ ಎಣ್ಣಿ ಹಚ್ಚಬೇಕ್ರಿ. ಆಮ್ಯಾಲ ಸಬಕಾರ."
ಇಡೀ ತರಗತಿ ತಲೆಯಾಡಿಸಿತು.
ಆ ಕೋಣೆಯಲ್ಲಿ ಇದು ಗೊತ್ತಿಲ್ಲದವಳು
ಧಾರವಾಡದಿಂದ ಎಂ.ಎಸ್ಸಿ. ಮಾಡಿ ಬಂದ ನಾನೊಬ್ಬಳೇ.

ಅಪಾಯ ಕಪಾಟಿನಲ್ಲಿದೆ, ಕೀಲಿ ನನ್ನ ಸೊಂಟದಲ್ಲಿದೆ
ಎಂದುಕೊಂಡಿದ್ದೆ.
ಅದು ಓಣಿಯಿಂದ ನಡೆದು ಬಂದು, ಎರಡು ಜಡೆ ಹಾಕಿಕೊಂಡು,
ಹಾಜರಿ ಕೂಗಿದಾಗ "ಎಸ್ ಮಿಸ್" ಅಂದಿತ್ತು.

ರಾತ್ರಿ ಮತ್ತೆ ಅದೇ ಹಾಳೆ.
"ನಂತರ" ಎಂಬುದರ ಹಿಂದೆ "ಮೊದಲೂ" ಎಂದು ತುರುಕಿದೆ.
ನಾಲ್ಕು ಮನೆ ಸಾಲದೆ ಅಂಚಿನಲ್ಲಿ ಐದನೆಯದು ಗೀರಿದೆ:
ಯಾವ ಮನೆಯಿಂದ, ಯಾವ ಕೆಲಸ ಮುಗಿಸಿ.

ಗುರುವಾರ ಬಾಗಿಲ ಬಳಿ ಬಿಸಿಯೂಟದ ಶೇಂಗಾ ಎಣ್ಣೆ.
ಮಕ್ಕಳು ಸಾಲಾಗಿ ಅಂಗೈ ಉಜ್ಜುತ್ತಿದ್ದಾರೆ, ಜಾತ್ರೆಗೆ ಹೊರಟ ಪೈಲ್ವಾನರ ಹಾಗೆ.
"ಇದು ವಿಜ್ಞಾನೋ ಒಗ್ಗರಣಿಯೋ?" ಹೆಡ್‌ಮಾಸ್ತರ ಇಣುಕಿದರು.
ಉತ್ತರಿಸಲು ಪುರುಸೊತ್ತಿರಲಿಲ್ಲ, ಹೊಸ ಸಾಲು ಬರೆಯುತ್ತಿದ್ದೆ:
ಎಣ್ಣೆ ಕೈ. ಗಾಜು ಜಾರೀತು. ಸಂಭವ: ಹೆಚ್ಚು.
ಸಬಕಾರ, ಮತ್ತೆ ನೀರು, ಒಣ ಅರಿವೆ.
ಅರಿವೆಯನ್ನು ಉರಿಯಿಂದ ದೂರ ಇಡುವುದು.

ಕೊನೆಯ ಸರತಿಗೆ ನೀಲವ್ವ, ಒಂದು ಕಣ್ಣು ಇನ್ನೂ ಕೆಂಪು.
ಕೈಮೂಸಿ ನೋಡಿಕೊಂಡಳು, ನನಗೂ ಮೂಸಿಸಿದಳು.
ಪ್ರನಾಳದ ಬಾಯಿ ಗೋಡೆಯತ್ತ ತಿರುಗಿಸಿ,
ಕಡ್ಡಿ ಹಿಡಿದಳು.

ಪಟ್.

"ಇಷ್ಟೇನ್ರಿ?" ಅಂದಳು.